ಉಳಿದಿರುವ ಅಂಚು: ನೆತ್ತಿಯ ಗಾಯಗಲೆ ಮತ್ತು ಮರಳಿ ಬಾರದ ಕೂದಲು



ಕೂದಲು ಉದುರುವ ಮಾತೆತ್ತಿದರೆ ಸಭೆಯಲ್ಲಿ ಸಣ್ಣ ನಗು ಏಳುವುದುಂಟು. ದಿನಕ್ಕೆ 50ರಿಂದ 100 ಕೂದಲು ಬಾಚಣಿಗೆಗೆ ಬರುವುದು ಸಹಜ, ಅದಕ್ಕೆ ನಗಲಡ್ಡಿಯಿಲ್ಲ. ಇಂದಿನ ವಿಷಯ ಬೇರೆ. ನೆತ್ತಿಯೊಳಗೆ ಗಾಯಗಲೆ ಕಟ್ಟಿ, ಕೂದಲಿನ ಜೊತೆಗೆ ಅದು ಹುಟ್ಟುವ ರೋಮಕೂಪವೇ ಅಳಿದುಹೋಗುವ ಕಾಯಿಲೆಗಳಿವೆ. ವೈದ್ಯರು ಇವನ್ನು ಸಿಕಾಟ್ರಿಶಿಯಲ್ ಅಲೊಪೀಶಿಯಾ ಎನ್ನುತ್ತಾರೆ.

ಕೆಲವರಲ್ಲಿ ದುಂಡಗೆ ಉದುರಿದ ಕೂದಲು ಕೆಲವೇ ತಿಂಗಳಲ್ಲಿ ಮರಳುತ್ತದೆ, ಇನ್ನು ಕೆಲವರಲ್ಲಿ ಮರಳುವುದೇ ಇಲ್ಲ. ಏಕೆ? ಕೂದಲನ್ನು ಮತ್ತೆ ಮತ್ತೆ ಹುಟ್ಟಿಸುವ ಕಾಂಡಕೋಶಗಳು ರೋಮಕೂಪದ ತಳದಲ್ಲಿವೆ ಎಂದೇ ಬಹುಕಾಲ ನಂಬಲಾಗಿತ್ತು. 1990ರಲ್ಲಿ ಕೊಟ್ಸರೆಲಿಸ್, ಸುನ್ ಮತ್ತು ಲಾವ್ಕರ್ ಇಲಿಗಳ ಚರ್ಮವನ್ನು ಪರೀಕ್ಷಿಸಿ, ಅವು ತಳಕ್ಕಿಂತ ಮೇಲೆ, ರೋಮ ನಿಮಿರಿಸುವ ಪುಟ್ಟ ಸ್ನಾಯು ಅಂಟಿಕೊಳ್ಳುವ ಉಬ್ಬಿನಲ್ಲಿವೆ ಎಂದು ತೋರಿಸಿದರು. ಜನ ‘ಹುಳ ತಿಂದಿದೆ’ ಎನ್ನುವ ಅಲೊಪೀಶಿಯಾ ಏರಿಯೇಟಾದಲ್ಲಿ ಉರಿಯೂತ ತಳವನ್ನು ಮುತ್ತುತ್ತದೆ, ಉಬ್ಬು ಉಳಿಯುತ್ತದೆ. ಗಾಯಗಲೆಯ ಕಾಯಿಲೆಗಳಲ್ಲಿ ಏಟು ಬೀಳುವುದು ಆ ಉಬ್ಬಿಗೇ. ಬಾಳೆ ಕಡಿದರೂ ಗೆಡ್ಡೆಯಿದ್ದರೆ ಕಂದು ಏಳುತ್ತದೆ; ಗೆಡ್ಡೆಯೇ ಕೊಳೆತರೆ ಎಷ್ಟು ನೀರು ಹಾಯಿಸಿ ಏನು ಫಲ?

ಕಾರಣಗಳು ಎರಡು ಬಗೆ. ಸುಟ್ಟಗಾಯ, ವಿಕಿರಣ, ಆಳವಾದ ಸೋಂಕು ಇವು ಚರ್ಮವನ್ನು ಹಾಳುಮಾಡುವಾಗ ರೋಮಕೂಪವೂ ಜೊತೆಗೆ ಹೋಗುತ್ತದೆ. ವರ್ಷಗಟ್ಟಲೆ ಬಿಗಿದು ಕಟ್ಟಿದ ಜಡೆಯೂ ಕೊನೆಗೆ ಇಲ್ಲಿಗೇ ತಂದು ನಿಲ್ಲಿಸಬಹುದು. ಎರಡನೆಯ ಬಗೆಯಲ್ಲಿ ರೋಮಕೂಪವೇ ಗುರಿ. ಲಿಂಫೋಸೈಟ್‌ಗಳು ಮುತ್ತುವ ಗುಂಪಿನಲ್ಲಿ ಡಿಸ್ಕಾಯ್ಡ್ ಲೂಪಸ್ ಮತ್ತು ಲೈಕನ್ ಪ್ಲಾನೋಪೈಲಾರಿಸ್ ನಮ್ಮ ಚರ್ಮರೋಗ ವಿಭಾಗಗಳಿಗೆ ಪರಿಚಿತ. 1994ರಲ್ಲಿ ಆಸ್ಟ್ರೇಲಿಯಾದ ಸ್ಟೀವನ್ ಕೊಸಾರ್ಡ್ ಮುಟ್ಟು ನಿಂತ ಮಹಿಳೆಯರಲ್ಲಿ ಹಣೆಯ ಕೂದಲಗೆರೆ ಹಿಂದೆ ಸರಿಯುವ ಬಗೆಯೊಂದನ್ನು ವಿವರಿಸಿದರು. ಅದರಲ್ಲಿ ಹುಬ್ಬೂ ತೆಳುವಾಗುತ್ತದೆ. ‘ವಯಸ್ಸಾಯಿತಲ್ಲ’ ಎಂದು ಮನೆಯವರೂ, ಕೆಲವೊಮ್ಮೆ ವೈದ್ಯರೂ ಸುಮ್ಮನಾಗುತ್ತಾರೆ. ನ್ಯೂಟ್ರೋಫಿಲ್‌ಗಳ ಗುಂಪಿನಲ್ಲಿ ಕೀವು, ಹಕ್ಕಳೆ, ಒಂದೇ ರಂಧ್ರದಿಂದ ಕುಚ್ಚಾಗಿ ಹೊರಟ ಕೂದಲು ಕಾಣುತ್ತವೆ.

ಹೊರರೋಗಿ ವಿಭಾಗದಲ್ಲಿ ರೋಗಿಗಳು ಬೋಳಾದ ನಡುಭಾಗವನ್ನೇ ಬೆರಳಿಟ್ಟು ತೋರಿಸುತ್ತಾರೆ. ನಾವು ನೋಡಬೇಕಾದದ್ದು ಅದರ ಅಂಚನ್ನು. ಡರ್ಮೋಸ್ಕೋಪ್ ಇಟ್ಟರೆ ನಡುವೆ ಚರ್ಮ ನುಣ್ಣಗೆ, ರಂಧ್ರಗಳೇ ಇಲ್ಲ. ಅರ್ಧ ಬೆರಳು ಆಚೆಗೆ ಸರಿಸಿದರೆ ಕೂದಲಿನ ಬುಡಕ್ಕೆ ಬಿಳಿ ಹೊಟ್ಟು ಕೊಳವೆಯಂತೆ ಸುತ್ತಿಕೊಂಡಿರುತ್ತದೆ, ಸುತ್ತ ಕೆಂಪು. ‘ಇಲ್ಲಿ ಉರಿಯುತ್ತಾ ಅಮ್ಮಾ?’ ಎಂದರೆ, ‘ಹೌದು ಡಾಕ್ಟ್ರೇ, ರಾತ್ರಿಯೆಲ್ಲಾ ತುರಿಕೆ. ಈರುಳ್ಳಿ ರಸ ಹಚ್ಚಿದೆ, ಇನ್ನೂ ಜಾಸ್ತಿಯಾಯ್ತು’ ಎನ್ನುತ್ತಾರೆ. ಕಾಯಿಲೆ ಜೀವಂತವಾಗಿರುವುದು ಆ ಅಂಚಿನಲ್ಲಿ. ಬಯಾಪ್ಸಿಯನ್ನೂ ಅಲ್ಲಿಂದಲೇ ತೆಗೆಯಬೇಕು: 4 ಮಿಲಿಮೀಟರ್ ಪಂಚ್, ಕೊಬ್ಬಿನ ಪದರದವರೆಗೆ, ಸಾಧ್ಯವಾದರೆ ಎರಡು ತುಣುಕು, ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಸೀಳಲು. ನಡುವಿನಿಂದ ತೆಗೆದರೆ ಬರುವುದು ಬರೀ ನಾರು, ರೋಗದ ಹೆಸರಲ್ಲ.

ಚಿಕಿತ್ಸೆ ರೋಗದ ಹೆಸರನ್ನು ಅವಲಂಬಿಸುತ್ತದೆ. ಲಿಂಫೋಸೈಟ್ ಗುಂಪಿಗೆ ಪ್ರಬಲ ಸ್ಟೀರಾಯ್ಡ್ ಲೇಪ, ನೆತ್ತಿಗೆ ಟ್ರಯಾಮ್ಸಿನೊಲೋನ್ ಚುಚ್ಚುಮದ್ದು, ಹೈಡ್ರಾಕ್ಸಿಕ್ಲೋರೋಕ್ವಿನ್. ಈ ಮಾತ್ರೆಗೆ ಕಣ್ಣಿನ ತಪಾಸಣೆ ಜೊತೆಗಿರಬೇಕು. ಹಟಮಾರಿ ರೋಗಕ್ಕೆ ಮೆಥೋಟ್ರೆಕ್ಸೇಟ್, ಮೈಕೋಫಿನೊಲೇಟ್ ಇವೆ. ಲೂಪಸ್ ಇದ್ದವರು ಬಿಸಿಲಿಗೆ ತಲೆ ಒಡ್ಡಬಾರದು. ಕೀವಿನ ಗುಂಪಿಗೆ ಡಾಕ್ಸಿಸೈಕ್ಲಿನ್, ಇಲ್ಲವೇ ಕ್ಲಿಂಡಮೈಸಿನ್ ಜೊತೆ ರಿಫಾಂಪಿಸಿನ್. ರಿಫಾಂಪಿಸಿನ್ ಕ್ಷಯದ ಮುಖ್ಯ ಔಷಧವೂ ಆದ್ದರಿಂದ, ರೋಗಿಗೆ ಕ್ಷಯವಿಲ್ಲವೆಂದು ಖಚಿತವಾಗದೆ ನಮ್ಮ ದೇಶದಲ್ಲಿ ಅದನ್ನು ಬರೆಯುವಂತಿಲ್ಲ.

ಮಕ್ಕಳ ವಿಷಯ ಒತ್ತಿ ಹೇಳಬೇಕು. ಶಾಲೆಯ ಮಗುವಿನ ತಲೆಯಲ್ಲಿ ಮೆತ್ತಗಿನ, ಕೀವೊಸರುವ ಗಡ್ಡೆ ಎದ್ದರೆ ಅದು ಕುರುವಲ್ಲದೆ ಕೆರಿಯಾನ್ ಎಂಬ ಶಿಲೀಂಧ್ರ ಸೋಂಕು ಇರಬಹುದು. ಕೊಯ್ಯುವುದು ಬೇಡ. ಗ್ರಿಸಿಯೋಫುಲ್ವಿನ್ ಅಥವಾ ಟರ್ಬಿನಾಫಿನ್ ಮಾತ್ರೆಯನ್ನು ವಾರಗಟ್ಟಲೆ ಕೊಡಬೇಕು, ಬರೀ ಮುಲಾಮು ಸಾಲದು. ತಡವಾದರೆ ಮಗು ಜೀವಮಾನವಿಡೀ ಕಲೆ ಹೊರುತ್ತದೆ.

‘ಕೂದಲು ಬರುತ್ತಾ ಡಾಕ್ಟ್ರೇ?’ ಎಂಬುದೇ ಎಲ್ಲರ ಪ್ರಶ್ನೆ. ಹೋದದ್ದು ಔಷಧದಿಂದ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದು ಮೊದಲ ದಿನವೇ ಹೇಳಬೇಕು. ಹೇಳದಿದ್ದರೆ ಆರು ತಿಂಗಳಾದ ಮೇಲೆ, ರೋಗ ಹತೋಟಿಗೆ ಬಂದಿದ್ದರೂ, ಮದ್ದು ಕೆಲಸ ಮಾಡಲಿಲ್ಲವೆಂದು ರೋಗಿ ಬಿಟ್ಟುಬಿಡುತ್ತಾರೆ. ಪ್ರತಿ ಭೇಟಿಯಲ್ಲೂ ಅದೇ ಜಾಗದ ಫೋಟೊ ತೆಗೆದು ತೋರಿಸಿದರೆ, ಅಂಚು ಸರಿಯದೆ ನಿಂತದ್ದನ್ನು ಅವರೇ ಕಾಣುತ್ತಾರೆ. ರೋಗ ಒಂದೆರಡು ವರ್ಷ ಸಂಪೂರ್ಣ ತಣ್ಣಗಿದ್ದರೆ ಕೂದಲು ಕಸಿಯ ಯೋಚನೆ ಮಾಡಬಹುದು. ಉರಿಯುವ ನೆತ್ತಿಗೆ ನೆಟ್ಟ ಕೂದಲೂ ಹೋಗುತ್ತದೆ. ವಿಗ್ಗು, ದುಪಟ್ಟಾ, ಹುಬ್ಬಿನ ಬಣ್ಣ ಇವೂ ಚಿಕಿತ್ಸೆಯ ಭಾಗವೇ, ನಾಚಿಕೆಯ ವಿಷಯವಲ್ಲ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನೀವು ನಾಳೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೂರುವವರು. ಕೂದಲಿನ ದೂರು ಬಂದರೆ ಎಣ್ಣೆ, ಶಾಂಪೂ, ವಿಟಮಿನ್ ಬರೆದು ಕಳಿಸುವ ಮುನ್ನ ಎರಡು ನಿಮಿಷ ಬೈತಲೆ ಬಿಡಿಸಿ ನೆತ್ತಿ ನೋಡಿ. ರಂಧ್ರಗಳು ಕಾಣದಿದ್ದರೆ, ಅಂಚು ಕೆಂಪಗಿದ್ದು ಉರಿಯುತ್ತಿದ್ದರೆ, ಅದೇ ವಾರ ಚರ್ಮವೈದ್ಯರ ಬಳಿಗೆ ಕಳಿಸಿ. ತಡಮಾಡಿದಷ್ಟೂ ಉಳಿಸಲು ಉಳಿಯುವುದು ಕಡಿಮೆ.