ಹೆಳವರ ಹೊತ್ತಿಗೆಯಲ್ಲಿ ನಮ್ಮ ಹಿರಿಯರು



ಸೊಲ್ಲಾಪುರ ಸೀಮೆಯ ನಮ್ಮ ಮನೆತನವು ಮೊದಲಿನಿಂದಲೂ ಉಂಡುಟ್ಟು ಬಾಳಿದುದೆಂದೇ ನಾವು ನಂಬಿದ್ದೆವು. ವಂಶಾವಳಿ ಬರೆಯಲೆಂದು ಹಳೆಯ ಕಾಗದಗಳನ್ನು ಬಿಚ್ಚಿದರೆ ಎಲ್ಲವೂ ಮೋಡಿ ಲಿಪಿ, ಓದಬಲ್ಲವರೇ ನಮ್ಮಲ್ಲಿರಲಿಲ್ಲ. ಕಡೆಗೆ ನೆರವಾದವರು, ಸುಗ್ಗಿಯ ಬಳಿಕ ಬಂದು ಕುಲವನ್ನು ಹೊಗಳಿ ಕಾಳು ಒಯ್ಯುವ ಹೆಳವರು. (ಚಿಕ್ಕಂದಿನಲ್ಲಿ ಅವರನ್ನು ಬರಿಯ ಬೇಡುವವರೆಂದು ಬಗೆದಿದ್ದೆವು!)

ಹೊಗಳಿಕೆಯ ನಡುವೆ ಹೆಳವಪ್ಪನವರು ತಡೆದರು. ನಮ್ಮ ಮುತ್ತಜ್ಜನೂ ಸೇರಿ ಒಡಹುಟ್ಟಿದವರು ಐವರು. ಮೂವರ ಹೆಸರಿನ ಮುಂದೆ ಏನೂ ಇಲ್ಲ. “ಧಾತು ಸಂವತ್ಸರದ ಬರ, ಯಜಮಾನರೇ” ಎಂದರು.

ಅದು 1876-78ರ ಮಹಾಕ್ಷಾಮ. 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ಸಾಹೇಬನು ಬರಗಾಲದ ಕಾಮಗಾರಿಯ ಕೂಲಿಯನ್ನು ಇಳಿಸಿದನು: ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡು ಕಾಳು, ಒಂದಾಣೆ. ಎಂದರೆ ಸುಮಾರು ಅರ್ಧ ಸೇರು. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ನಮ್ಮವರು ಆ ಕೂಲಿಗೆ ಮಣ್ಣು ಹೊತ್ತಿದ್ದರು.

ಬೀಸುಕಲ್ಲಿನ ಸುತ್ತ ಚೆಲ್ಲಿದ ಜೋಳದ ಹಿಟ್ಟನ್ನು ಕಣವೂ ಬಿಡದೆ ಬಳಿದಿಡುತ್ತಿದ್ದ ಅಜ್ಜಿಯನ್ನು ಜಿಪುಣಿಯೆಂದು ನಾವು ನಕ್ಕದ್ದುಂಟು. ಆರರ ಹರೆಯದಲ್ಲಿ ಆ ಬರವನ್ನು ಉಂಡ ಅತ್ತೆಯಿಂದ ಆಕೆ ಕಲಿತ ರೂಢಿಯದು.

ಹೆಳವಪ್ಪನವರು ಮೂರು ಹೆಸರುಗಳನ್ನು ಮತ್ತೊಮ್ಮೆ ಓದಿದರು. ನಾವು ಬರೆದುಕೊಂಡೆವು.