ಕೂಲಿಯಾಳು ಸಂತ ಇಸಿದೋರ



ಒಕ್ಕಲಿಗ ಮುದ್ದಣ್ಣ ಎಂಬ ಶರಣರು ಬೇಸಾಯವನ್ನೇ ಕಾಯಕ ಮಾಡಿಕೊಂಡು ವಚನ ಹೇಳಿದ್ದು ತಮಗೆ ಗೊತ್ತಿದೆ. ಅದೇ 12ನೇ ಶತಮಾನದಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್ ಬಳಿ ಇಸಿದೋರ ಎಂಬುವರಿದ್ದರು. ಸ್ವಂತಕ್ಕೆ ಹೊಲವಿಲ್ಲ, ಜಮೀನ್ದಾರನ ಆಳು. 'ಪ್ರಾರ್ಥನೆ ಮುಗಿಸಿ ತಡವಾಗಿ ಬರ್ತಾನೆ' ಅಂತ ಜೊತೆಯಾಳುಗಳೇ ಚಾಡಿ ಹೇಳಿದರು. ಧಣಿ ಬಂದು ನೋಡಿದರೆ ಪಕ್ಕದಲ್ಲಿ ದೇವದೂತರು ನೇಗಿಲು ಹೂಡಿದ್ದರಂತೆ! ಅದು ಐತಿಹ್ಯ, ಇರಲಿ. ಚಳಿಗಾಲದಲ್ಲಿ ಗಿರಣಿಗೆ ಒಯ್ಯುತ್ತಿದ್ದ ಕಾಳನ್ನು ಹಸಿದ ಪಾರಿವಾಳಗಳಿಗೆ ಸುರಿದ ಕಥೆಯೇ ನನಗೆ ಹೆಚ್ಚು ಹಿಡಿಸಿತು. 1622ರಲ್ಲಿ ಪೋಪರು ಈ ಆಳನ್ನೂ ಗೋವೆಯ ಫ್ರಾನ್ಸಿಸ್ ಜೇವಿಯರರನ್ನೂ ಒಂದೇ ದಿನ ಸಂತರೆಂದು ಸಾರಿದರು.

ನಮ್ಮಲ್ಲಿ ಬೆಳೆ ಸಾಲಕ್ಕೆ ಪಹಣಿ ಬೇಕು. ಇಸಿದೋರರು ಮದಲೂರಿನಲ್ಲಿ ಹುಟ್ಟಿದ್ದರೆ ಬರಿಗೈಲಿ ಕಳಿಸಬೇಕಾಗಿತ್ತು. ಪರರ ಹೊಲ ಉಳುವವರಿಗೂ ಪರಸ್ಪರ ಜಾಮೀನಿನ ಮೇಲೆ ಸಾಲ ಸಿಗಲಿ ಅಂತ ಮುಂದಿನ ಮಹಾಸಭೆಯಲ್ಲಿ ವಿಷಯ ಇಡ್ತೀನಿ. ತಾವು ಕೈ ಎತ್ತಬೇಕು.