ಮೂಳೆಯ ಮಾತ್ರೆ, ದವಡೆಯ ಎಚ್ಚರ

(ಸಂಘದ ಸ್ಥಾಪನಾ ದಿನಾಚರಣೆಯ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿಸಿಬೇಳೆಭಾತಿನ ಪರಿಮಳ ಬರುತ್ತಿರುವ ಹೊತ್ತಿನಲ್ಲಿ ದವಡೆಯ ರೋಗದ ಮಾತು ಬೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಅಗಿದು ಉಣ್ಣುವ ಸುಖ ಕಡೆಯವರೆಗೂ ಉಳಿಯಬೇಕಾದರೆ ಈ ಹತ್ತು ನಿಮಿಷ ಕೇಳಲೇಬೇಕು.

ನಮ್ಮ ಮನೆಯ ಹಿರಿಯರಲ್ಲಿ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ, ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಸಾಮಾನ್ಯ. ಅದಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆಯನ್ನೋ, ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಜೊಲೆಡ್ರೊನಿಕ್ ಆಸಿಡನ್ನೋ, ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನನ್ನೋ ಕೊಡುತ್ತಾರೆ. ಮೊದಲಿನ ಎರಡು ಬಿಸ್‌ಫಾಸ್ಫೊನೇಟ್ ಗುಂಪಿನವು. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಇಂಥ ಇಂಜೆಕ್ಷನ್‌ಗಳನ್ನೇ ಹೆಚ್ಚಿನ ಪ್ರಮಾಣದಲ್ಲಿ, ಪದೇ ಪದೇ ಕೊಡುವುದುಂಟು.

ನಮ್ಮ ಮೂಳೆ ಒಮ್ಮೆ ಕಟ್ಟಿ ಮುಗಿಸಿದ ಗೋಡೆಯಲ್ಲ. ಹಳೆಯದನ್ನು ಕೆಡವುವ ಮತ್ತು ಹೊಸದನ್ನು ಕಟ್ಟುವ ಜೀವಕೋಶಗಳು ಸದಾ ದುಡಿಯುತ್ತಿರುತ್ತವೆ. ವಯಸ್ಸಾದಂತೆ ಕೆಡವುವವರ ಕೈ ಮೇಲಾಗುತ್ತದೆ. ಈ ಔಷಧಿಗಳು ಆ ಕೈಯನ್ನು ತಡೆದು ಸೊಂಟ, ಬೆನ್ನಿನ ಮೂಳೆಗಳನ್ನು ಕಾಪಾಡುತ್ತವೆ. ಆದರೆ ದವಡೆಯಲ್ಲಿ ಈ ಕೆಡವಿ ಕಟ್ಟುವ ಕೆಲಸ ಬಹಳ ಚುರುಕು. ಅದರ ಮೇಲೆ ಒಸಡಿನ ಹೊದಿಕೆ ತೆಳು, ಬಾಯಿಯ ರೋಗಾಣುಗಳು ಸದಾ ಹತ್ತಿರ. ಹಲ್ಲು ಕಿತ್ತ ಗುಳಿ ಮಾಯಬೇಕಾದರೆ ಹಾಳಾದ ಮೂಳೆ ತೆರವಾಗಬೇಕು. ಅದು ನಿಂತರೆ ಕೆಲವರಲ್ಲಿ ಅಲ್ಲಿನ ಮೂಳೆ ಸತ್ತು, ಒಸಡಿನಿಂದ ಹೊರಗೆ ಕಾಣತೊಡಗುತ್ತದೆ. ನೋವು, ಕೀವು, ಊತ ಬರಬಹುದು. ದವಡೆಗೆ ವಿಕಿರಣ ಚಿಕಿತ್ಸೆ ಆಗಿಲ್ಲದವರಲ್ಲಿ ಇದು ಎಂಟು ವಾರ ಮೀರಿದರೆ, ಔಷಧಿಯಿಂದ ಬಂದ ದವಡೆ ರೋಗವೆಂದು ವೈದ್ಯರು ತೀರ್ಮಾನಿಸುತ್ತಾರೆ.

2003ರಲ್ಲಿ ಮಯಾಮಿಯ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ಇಂಥ 36 ರೋಗಿಗಳ ವಿವರ ಪ್ರಕಟಿಸಿದಾಗ ವೈದ್ಯಲೋಕ ಎಚ್ಚೆತ್ತಿತು. ಇದನ್ನೇ ಹೋಲುವ ಪೀಡೆ 19ನೇ ಶತಮಾನದಲ್ಲಿ ಬೆಂಕಿಕಡ್ಡಿ ಕಾರ್ಖಾನೆಗಳ ಕೂಲಿಕಾರರನ್ನು ಕಾಡಿತ್ತು. ಅದಕ್ಕೆ ಕಾರಣ ಬಿಳಿ ರಂಜಕದ ಹೊಗೆ. 1906ರ ಬರ್ನ್ ಒಪ್ಪಂದ ಅಂಥ ಕಡ್ಡಿಗಳನ್ನು ನಿಷೇಧಿಸಿತು.

ಹಾಗೆಂದು ಗಾಬರಿಯಾಗಬೇಡಿ. ಅಮೆರಿಕದ ಬಾಯಿ-ದವಡೆ ಶಸ್ತ್ರವೈದ್ಯರ ಸಂಘದ 2022ರ ವರದಿಯಂತೆ, ಆಸ್ಟಿಯೋಪೊರೋಸಿಸ್‌ಗೆ ಬಿಸ್‌ಫಾಸ್ಫೊನೇಟ್ ಪಡೆಯುವ 10,000 ಮಂದಿಯಲ್ಲಿ ಇದು ಬರುವುದು ಹೆಚ್ಚೆಂದರೆ ಐವರಿಗೆ; ಡೆನೊಸುಮ್ಯಾಬ್ ಪಡೆಯುವವರಲ್ಲಿ ಸುಮಾರು 30 ಮಂದಿಯವರೆಗೆ. ಕ್ಯಾನ್ಸರ್ ರೋಗಿಗಳಲ್ಲಿ ಮಾತ್ರ ಅಪಾಯ ಹೆಚ್ಚು, ಅದೂ ನೂರಕ್ಕೆ ಐದಕ್ಕಿಂತ ಕಡಿಮೆ. ದವಡೆಗೆ ಹೆದರಿ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿ, ನಾಳೆ ಸ್ನಾನದ ಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಆ ಕಷ್ಟ ಇದಕ್ಕಿಂತ ದೊಡ್ಡದು. ಡೆನೊಸುಮ್ಯಾಬ್ ತಡಮಾಡಿದರೆ ಅಥವಾ ನಾವಾಗಿಯೇ ನಿಲ್ಲಿಸಿದರೆ ಬೆನ್ನುಮೂಳೆಗಳು ಕುಸಿಯುವ ಸಂಭವವಿದೆ.

ಇನ್ನು ನಮ್ಮ ವಿಶೇಷ ಸಮಸ್ಯೆಗೆ ಬರೋಣ. ಇಲ್ಲಿ ಹಲ್ಲಿನ ಚಿಕಿತ್ಸೆ ದುಬಾರಿ. “ಡಿಸೆಂಬರಿನಲ್ಲಿ ಊರಿಗೆ ಹೋದಾಗ ಕೀಳಿಸಿಕೊಂಡರಾಯಿತು” ಎನ್ನುವವರು ನಮ್ಮಲ್ಲಿ ಬಹಳ. ಮೂಳೆಯ ಔಷಧಿ ಬರೆದ ವೈದ್ಯರು ಒಂದು ದೇಶದಲ್ಲಿ, ಹಲ್ಲು ಕೀಳುವವರು ಇನ್ನೊಂದು ದೇಶದಲ್ಲಿ. “ಏನೇನು ಮಾತ್ರೆ ತಗೋತೀರಮ್ಮ?” ಎಂದು ಕೇಳಿದರೆ ಅಮ್ಮ ಬಿ.ಪಿ., ಶುಗರ್ ಎರಡನ್ನು ಹೇಳಿ ಸುಮ್ಮನಾಗುತ್ತಾರೆ. ವರ್ಷಕ್ಕೊಮ್ಮೆ ಹಾಕಿಸಿಕೊಂಡ ಡ್ರಿಪ್ ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ! ಗಾಯ ಮಾಯುವ ಮೊದಲೇ ವಿಮಾನ ಹತ್ತಿದರೆ ಮುಂದೆ ನೋಡಿಕೊಳ್ಳುವವರು ಯಾರು?

ಆದ್ದರಿಂದ ನಮ್ಮ ಸಲಹೆ ಇಷ್ಟು. ಈ ಔಷಧಿ ಆರಂಭಿಸುವ ಮೊದಲು ಹಲ್ಲು ತೋರಿಸಿ, ಕೀಳಬೇಕಾದದ್ದನ್ನು ಕೀಳಿಸಿ, ಗಾಯ ಮಾಯಲು ಎರಡು ಮೂರು ವಾರ ಬಿಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದು ಇನ್ನೂ ಮುಖ್ಯ. ಈಗಾಗಲೇ ಆರಂಭಿಸಿದ್ದರೆ ಔಷಧಿಯ ಹೆಸರು, ಆರಂಭಿಸಿದ ತಿಂಗಳು, ಕಡೆಯ ಇಂಜೆಕ್ಷನ್ನಿನ ದಿನಾಂಕ ಬರೆದ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆ ಇಡಿ. ಬಿಸ್‌ಫಾಸ್ಫೊನೇಟ್ ನಿಲ್ಲಿಸಿ ವರ್ಷಗಳಾಗಿದ್ದರೂ ಹೇಳಿ, ಅದು ಮೂಳೆಯಲ್ಲಿ ಬಹುಕಾಲ ಉಳಿಯುತ್ತದೆ. ಹುಳುಕು ತುಂಬಿಸುವುದು, ರೂಟ್ ಕೆನಾಲ್ ಮಾಡಿಸುವುದು ಸಾಮಾನ್ಯವಾಗಿ ಸುರಕ್ಷಿತ. ಉಳಿಸಬಹುದಾದ ಹಲ್ಲನ್ನು ಉಳಿಸಿಕೊಳ್ಳಿ. ಕಟ್ಟುಹಲ್ಲು ಒಸಡನ್ನು ಉಜ್ಜುತ್ತಿದ್ದರೆ ಸರಿಪಡಿಸಿಕೊಳ್ಳಿ. ಹೊಗೆಸೊಪ್ಪು ಬಿಡಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಮಾಯದ ಗಾಯ, ತುಟಿ ಗದ್ದ ಜುಮ್ಮೆನ್ನುವುದು, ಬಾಯಲ್ಲಿ ಮೂಳೆ ತಗುಲುವುದು ಕಂಡರೆ ತಡಮಾಡಬೇಡಿ. ಬೇಗ ಬಂದರೆ ಎಷ್ಟೋ ಮಂದಿಗೆ ಬಾಯಿ ತೊಳೆಯುವ ಔಷಧಿ, ಆ್ಯಂಟಿಬಯೋಟಿಕ್‌ಗಳಲ್ಲೇ ಹತೋಟಿಗೆ ಬರುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ನಾವು ಊರು ಬಿಟ್ಟು ಬಂದವರು. ಹಿರಿಯರ ಮದ್ದಿನ ಲೆಕ್ಕ ನಮ್ಮ ಕೈಯಲ್ಲೇ ಇರಬೇಕು. ಇಂದು ಮನೆಗೆ ಹೋದೊಡನೆ ಊರಿಗೆ ಫೋನ್ ಮಾಡಿ, “ಅಮ್ಮ, ಮೂಳೆಗೆ ಏನು ಔಷಧಿ?” ಎಂದು ಕೇಳಿ.